ಘಾಳೆಪ್ಪ ಕಾಕಾನ ಸರ್ಟಿಫಿಕೇಟು

ಘಾಳೆಪ್ಪ ಕಾಕಾ ಒಂದೇ ಕಾಲಿನ ಮೇಲೆ ಭಾಲ್ಕಿ ಊರನ್ನೆಲ್ಲ ಅಳೆದಿಟ್ಟಿದ್ದರು. ಸ್ಟೇಷನ್ನಿನಿಂದ ನಮ್ಮ ಓಣಿಗೆ ಎಷ್ಟು, ಓಣಿಯಿಂದ ಬಾವಿಗೆ ಎಷ್ಟು, ಬಾವಿಯಿಂದ ತಹಶೀಲಿಗೆ ಎಷ್ಟು, ಕೇಳಿದರೆ ಸಾಕು, ಗಜದ ಲೆಕ್ಕದಲ್ಲಿ ಹೇಳಿಬಿಡುತ್ತಿದ್ದರು. ಕೇಳದಿದ್ದರೂ ಹೇಳುತ್ತಿದ್ದರು ಅನ್ನಿ. ಅವರ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಆ ಬಗಲಿಗೆ ಜಾಲಿ ಕಟ್ಟಿಗೆಯ ಊರುಗೋಲು, ಅದರ ನೆತ್ತಿಗೆ ಹೆಂಡತಿಯ ಹಳೇ ಸೀರೆಯ ಸುತ್ತು. ಕೋಲು ಊರಿ ಬಲಗಾಲು ಮುಂದಿಟ್ಟರೆ ಒಂದು ಗಜ. "ಕೂದಲೆಳಿ ಹೆಚ್ಚಿಲ್ಲ, ಕೂದಲೆಳಿ ಕಡಿಮಿಲ್ಲ" ಅನ್ನುತ್ತಿದ್ದರು.

ನಾನು ಭಾಲ್ಕಿಯ ಸಾಲೆಗೆ ಹೊಸದಾಗಿ ಟೀಚರಾಗಿ ಬಂದು ಅವರ ಮನೆಯ ಮುಂದಿನ ಕೋಣೆ ಹಿಡಿದೆ. ಎರಡನೆಯ ದಿನವೇ, ಸಾಲೆ ಭಾಳ ದೂರ ಆಯಿತು ಅಂತ ಗೊಣಗಿದ್ದು ಅವರ ಕಿವಿಗೆ ಬಿತ್ತು.

"ಏಳುನೂರಾ ನಲವತ್ತು ಗಜ ಅದರಿ ಟೀಚರಬಾಯಿ. ದೂರ ಇಲ್ರಿ. ನೀವು ಮುಖ ಗಂಟ ಹಾಕ್ಕೊಂಡ ನಡೀತೀರಿ, ಅದಕ್ಕ ದೂರ ಆಗ್ತದ."

ನನಗೆ ಸಿಟ್ಟು ಬಂತು. ಸುಳ್ಳು ಹಿಡಿಯಬೇಕೆಂದು ಮರುದಿನ ಹೆಜ್ಜೆ ಎಣಿಸುತ್ತಾ ಹೊರಟೆ. ನಡುದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂದು ಲೆಕ್ಕ ತಪ್ಪಿತು. ಸಂಜೆ ಬಂದರೆ ಕಾಕಾ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ನಾನು ಎಣಿಸುತ್ತಾ ಹೋಗಿದ್ದು ಓಣಿಗೆಲ್ಲ ಗೊತ್ತಾಗಿತ್ತು.

ಅವರು ಹುಟ್ಟಿದ್ದು ಮೆಹಕರದಲ್ಲಿ. ನಿಜಾಮರ ಕಾಲದಲ್ಲಿ ಹೊಲಗಳ ಮೋಜಣಿ, ಅಂದರೆ ಅಳತೆ, ಮಾಡುವ ಇಲಾಖೆಯಲ್ಲಿ ಜರೀಬ್ ಎಳೆಯುವ ಆಳಾಗಿದ್ದರು. ಜರೀಬ್ ಎಂದರೆ ಅಳೆಯುವ ಕಬ್ಬಿಣದ ಸರಪಳಿ. ಒಂದು ತುದಿ ಒಬ್ಬನ ಕೈಯಲ್ಲಿ, ಇನ್ನೊಂದು ತುದಿ ಕಾಕಾನ ಕೈಯಲ್ಲಿ. ಸಾಹೇಬನ ಕೈಸನ್ನೆಯ ಮೇಲೆ ಕಣ್ಣಿಡಬೇಕಾದ್ದರಿಂದ ಕಾಕಾ ಹಿಂದೆ ಹಿಂದೆ ನಡೆಯುತ್ತಾ ಸರಪಳಿಯನ್ನು ಬಿಗಿ ಎಳೆಯಬೇಕು. ಔರಾದದ ಹತ್ತಿರ ಒಂದು ಹೊಲದಲ್ಲಿ ಸಾಹೇಬ "ಔರ್ ಖೀಂಚೋ" ಅಂದ, ಇವರು ಎಳೆದರು. ಬೆನ್ನ ಹಿಂದೆ ಹಾಳು ಬಾವಿ ಇತ್ತು. ಬಿದ್ದರೂ ಜರೀಬ್ ಕೈಬಿಡಲಿಲ್ಲವಂತೆ. ಕಾಲು ಮುರಿದು, ಗಾಯ ಕೊಳೆತು, ಬೀದರಿನ ದವಾಖಾನೆಯಲ್ಲಿ ಕತ್ತರಿಸಿದರು. ಸರಕಾರ ನೋಡಿಕೊಳ್ಳುತ್ತದೆ ಅಂತ ಸಾಹೇಬ ಹೇಳಿ ಹೋದ. ಮುಂದೆ ನಾಲ್ಕಾರು ವರ್ಷಕ್ಕೆ ಆ ಸರಕಾರವೇ ಹೋಯಿತು.

ಕಾಲು ಹೋದಮೇಲೆ ಕಾಕಾ ಮನೆ ಹಿಡಿದು ಕೂರಲಿಲ್ಲ. ಅಣ್ಣತಮ್ಮಂದಿರ ಪಾಲು, ಬದುವಿನ ತಂಟೆ, ಮನೆಯ ಜಾಗ, ಎಲ್ಲಿ ಜಗಳವೋ ಅಲ್ಲಿಗೆ ಅವರನ್ನು ಎತ್ತಿನ ಬಂಡಿಯಲ್ಲಿ ಕರೆದೊಯ್ಯುತ್ತಿದ್ದರು. ಅವರು ನೆಟ್ಟ ಕಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಳತೆ ಮುಗಿಯುವ ತನಕ ಎರಡೂ ಮನೆಯ ಚಹಾ ಅವರಿಗೆ ನಿಷಿದ್ಧ. ಒಂದು ರವಿವಾರ ಹಟ ಹಿಡಿದು ನಾನೂ ಮೆಹಕರಕ್ಕೆ ಹೋಗಿದ್ದೆ. ಅಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಬದುವಿನ ಸಲುವಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಕಾಕಾ ಹಗ್ಗದ ಒಂದು ತುದಿ ಅಣ್ಣನಿಗೆ ಕೊಟ್ಟರು, ಇನ್ನೊಂದು ತಮ್ಮನಿಗೆ ಕೊಟ್ಟರು. ತಾವು ನಡುವೆ ನಿಂತು ಹಗ್ಗದ ಮೇಲೆ ಬೆರಳಿಟ್ಟರು.

"ಹಗ್ಗ ಸಡಲ ಅದ. ಯಾರ ಸಡಲ ಬಿಟ್ಟೀರಿ, ನೀವ ನೀವ ಮಾತಾಡ್ಕೋರಿ. ನಾ ಹೇಳಂಗಿಲ್ಲ."

ಬಿಸಿಲು ಏರಿತು. ಕೊನೆಗೆ ತಮ್ಮ, "ಎಳಿಯೋ ದಾದಾ, ಎಳಿ, ನಾ ಹಿಡದೀನಿ" ಅಂತ ಕೂಗಿದ. ಅಣ್ಣ ಎಳೆದ. ಹೊಲ ಮುಗಿಯುವಷ್ಟರಲ್ಲಿ ಒಬ್ಬರನ್ನೊಬ್ಬರು ಬೈಯುವಷ್ಟು ಸಲಿಗೆ ಮರಳಿ ಬಂದಿತ್ತು. "ಭೂಮಿ ಸುಳ್ಳ ಹೇಳಂಗಿಲ್ರಿ, ಹಿಡದಾವ ಹೇಳ್ತಾನ. ಇಬ್ಬರ ಕೈಯಾಗ ಕೊಟ್ರ ಸುಳ್ಳಿಗಿ ಜಾಗಾ ಇರಂಗಿಲ್ಲ" ಅಂತ ಬಂಡಿಯಲ್ಲಿ ನನಗೆ ಪಾಠ ಮಾಡಿದರು. ನಾನು ಸಾಲೆಯಲ್ಲಿ ಅಂಥ ಪಾಠ ಒಂದೂ ಮಾಡಿರಲಿಲ್ಲ.

ಅಷ್ಟರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನಗಳ ಹುರುಪನ್ನು ಈಗ ಹೇಗೆ ಹೇಳಲಿ! ನಿನ್ನೆಯ ತನಕ ಕಚೇರಿ, ಕೋರ್ಟು, ಸಾಲೆ ಎಲ್ಲ ಉರ್ದು. ನಮ್ಮದು ಬೀದರಿನ ಮೆಥೊಡಿಸ್ಟ್ ಮನೆತನ, ನಾನು ಮಿಷನ್ ಸಾಲೆಯಲ್ಲಿ ಕನ್ನಡ ಕಲಿತವಳು, ಇಷ್ಟು ದಿನ ಅದಕ್ಕೆ ಯಾರೂ ಸೊಪ್ಪು ಹಾಕಿರಲಿಲ್ಲ. ಈಗ ನೋಡಿದರೆ ದೊಡ್ಡ ದೊಡ್ಡ ಮೀಸೆಯವರು ಪಾಟಿ ಹಿಡಿದು ನನ್ನ ಕೋಣೆಯ ಮುಂದೆ ಕೂರತೊಡಗಿದರು. ಅವರಲ್ಲಿ ಬೀದರಿನ ವಕೀಲ ಗಫೂರ್ ಸಾಹೇಬರೂ ಒಬ್ಬರು. ಐವತ್ತು ದಾಟಿದ್ದರು. ಭಾಲ್ಕಿಯ ಕೋರ್ಟಿಗೆ ಬಂದಾಗಲೆಲ್ಲ ನನ್ನ ಹತ್ತಿರ ಅ ಆ ಇ ಈ ತಿದ್ದುತ್ತಿದ್ದರು, 'ಋ' ಬಂದರೆ ಬೆವರುತ್ತಿದ್ದರು.

ಗಫೂರ್ ಸಾಹೇಬರಿಗೆ ಬಗದಲ್‌ನ ಒಂದು ಹೊಲದ ದಾವೆ ಇತ್ತು. ಅದನ್ನು ಅಳೆಯಲು ಕಾಕಾನನ್ನು ಕೇಳಿದರು. ಮಾತಿಗೆ ಮಾತು ಬಂದು ಕಾಲು ಹೋದ ಕತೆ ಹೊರಬಿತ್ತು. ವಕೀಲರು ಪಾಟಿ ಕೆಳಗಿಟ್ಟು ಎದ್ದು ನಿಂತರು.

"ಘಾಳೆಪ್ಪ! ನೌಕರಿ ಮೇಲ ಇದ್ದಾಗ ಬಿದ್ದೀರಿ? ಜರೀಬ್ ಕೈಯಾಗಿತ್ತು? ಅರೇ, ಇದಕ್ಕ ವಜೀಫಾ ಅದ! ಹಳೇ ಸರಕಾರದ ನೌಕರರ ಹಕ್ಕು ಹೊಸ ಸರಕಾರದಾಗೂ ಹಂಗೇ ಇರ್ತದ. ಇದು ಖೈರಾತ್ ಅಲ್ಲ ಮಿಯಾಂ, ನಿಮ್ಮ ಹಕ್ಕು. ಅರ್ಜಿ ಹಾಕೋಣ. ನಾ ನಡಸ್ತೇನಿ, ನನಗ ಫೀಸ್ ಬ್ಯಾಡ, ಬಗದಲ್ ಹೊಲ ಅಳದ ಕೊಡ್ರಿ ಸಾಕು."

ವಜೀಫಾ ಅಂದರೆ ಪಿಂಚಣಿ. ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ. ಒಳಗಿಂದ ಕಾಕಾನ ಹೆಂಡತಿ ತುಳಜಮ್ಮ ಕಾಕು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಹೊಸ ರಾಜ್ಯ, ಹೊಸ ಕಾಗದ, ನಮ್ಮ ಮನೆಯಿಂದಲೇ ಮೊದಲ ಕನ್ನಡ ಅರ್ಜಿ! ಕಾಕಾ ಮಾತ್ರ ಕೋಲಿನ ತುದಿಯಿಂದ ನೆಲ ಕೆರೆಯುತ್ತಾ ಕೂತಿದ್ದರು.

"ಅರ್ಜಿಯಾಗ ಏನಂತ ಬರೀಬೇಕ್ರಿ?"

"ನಾ ಕೆಲಸಕ್ಕ ನಾಲಾಯಕ ಆಗೇನಿ ಅಂತ. ಡಾಕ್ಟರ ನೋಡಿ ಸರ್ಟಿಫಿಕೇಟ ಕೊಡ್ತಾರ."

"ಹಂಗಾರ ಬ್ಯಾಡ್ರಿ" ಅಂದು ಕಾಕಾ ಎದ್ದು ಹೊರಗೆ ನಡೆದರು.

ಹದಿನೈದು ದಿನ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕಾಕಾನ ಹೆದರಿಕೆ ನಮ್ಮ ತಲೆಗೆ ಬೇಗ ಹತ್ತಲಿಲ್ಲ. ಒಂದು ದಿನ ಬಿಡಿಸಿ ಹೇಳಿದರು. "ನನ್ನ ಬಾಯಿಲಿಂದ ನಾ ನಾಲಾಯಕ ಅಂದ್ರ ನಾಳಿ ಯಾರು ನನ್ನ ಅಳತಿ ಕೇಳ್ತಾರ್ರಿ? ಸರಕಾರನೇ ನಾಲಾಯಕ ಅಂದದ, ಇಂವ ನೆಟ್ಟ ಕಲ್ಲು ಕಿತ್ತ ಒಗೀರಿ ಅಂತಾರ. ಮೆಹಕರದಾಗ ಕೂಡಿದ ಮಂದಿ ಮತ್ತ ಬಡದಾಡ್ತಾರ. ಅದೆಲ್ಲಾ ಯಾರ ಮ್ಯಾಲ ಬರ್ತದ?"

ತುಳಜಮ್ಮ ಕಾಕು ಸುಮ್ಮನಿರುವ ಹೆಣ್ಣಲ್ಲ. "ಊರಮಂದಿ ಬದುವು ಅಳದು ಅಳದು ಬಗಲಾಗ ಹುಣ್ಣ ಆಗ್ಯಾದ. ಅದರ ಅಗಲ ಎಷ್ಟದ, ಉದ್ದ ಎಷ್ಟದ, ಯಾರರೇ ಅಳದಾರೇನು? ದಿನಾ ಕೊಬ್ಬರಿ ಎಣ್ಣಿ ಹಚ್ಚಾಕಿ ನಾ. ಇನ್ನ ನಾಕ ವರ್ಷಕ್ಕ ಆ ಬಗಲ ಕೋಲ ತಡೀತದೇನು?" ಅಂತ ಒಂದೇ ಉಸಿರಿಗೆ ಕೇಳಿದರು. ಆ ಹುಣ್ಣಿನ ಮಾತು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಗೋಡೆಯ ಆಚೆಯೇ ಇದ್ದು ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಗಂಟು ಬಿಡಿಸಿದವರು ವಕೀಲರೇ. ಬಗದಲ್ ಹೊಲ ಅಳೆದು ಬರುವ ದಾರಿಯಲ್ಲಿ ಅವರು ಹೀಗೆಂದರಂತೆ: "ಕಾನೂನು ನಿಮ್ಮನ್ನ ಕೇಳೋದಿಲ್ಲ ಘಾಳೆಪ್ಪ, ನಿಮ್ಮ ಕಾಲಿಗಿ ಕೇಳ್ತದ. ಕಾಲು ಸುಳ್ಳ ಹೇಳ್ತದೇನು?" ಮರುದಿನ ಬೆಳಿಗ್ಗೆ ನಾನು ಇನ್ನೂ ಜಡೆ ಹಾಕಿಕೊಳ್ಳುತ್ತಿದ್ದೆ, ಕಾಕಾ ಬಾಗಿಲಿಗೆ ಬಂದರು.

"ಬರೀರಿ ಟೀಚರಬಾಯಿ. ಆದ್ರ ಒಂದಕ್ಷರ ಸುಳ್ಳ ಇರಬಾರದು."

ಅರ್ಜಿ ಬರೆದದ್ದು ಒಂದು ಮದುವೆಯಷ್ಟು ಗದ್ದಲದಿಂದ. ವಕೀಲರು ಉರ್ದುವಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು, ಕಾಕಾ ತಕರಾರು ತೆಗೆಯುವುದು. "ತಮ್ಮ ಪಾದದ ಧೂಳಾದ ನಾನು" ಅಂತ ಓದಿದೆ. "ನಾ ಧೂಳಲ್ರಿ, ತೆಗೀರಿ." "ಹೊಟ್ಟೆಗೆ ಹಿಟ್ಟಿಲ್ಲದೆ" ಅಂತ ಓದಿದೆ. "ಇವತ್ತ ಮುಂಜಾನಿ ಎರಡ ರೊಟ್ಟಿ ತಿಂದೀನಿ, ತೆಗೀರಿ." ತೆಗೆಯುತ್ತಾ ತೆಗೆಯುತ್ತಾ ಎರಡು ಹಾಳೆಯ ಅರ್ಜಿ ಅರ್ಧ ಹಾಳೆಗೆ ಇಳಿಯಿತು. ಇಷ್ಟಾಗಿಯೂ ತಪ್ಪು ಮಾಡಿದ್ದು ನಾನೇ. ಬಿದ್ದ ದಿನ ಯಾವುದು ಅಂತ ಕೇಳಿದಾಗ ಕಾಕಾ ನಿಜಾಮರ ಕಾಲದ ಫಸಲಿ ವರ್ಷ ಹೇಳಿದರು, ತೀರ್ ತಿಂಗಳು, ಹದಿಮೂರುನೂರಾ ಐವತ್ತರ ಮೇಲೆ ಚಿಲ್ಲರೆ. ನಾನು ಹುರುಪಿನಲ್ಲಿ ಹಾಗೇ ಬರೆದುಬಿಟ್ಟೆ. ಹೊಸ ಕಚೇರಿಗೆ ಮೈಸೂರು ಕಡೆಯ ಗುಮಾಸ್ತರು ಬಂದಿದ್ದರು, ಅವರು ಅದನ್ನು ಇಸವಿಯೆಂದೇ ಓದಿದರು. ಅರ್ಜಿದಾರರು ಸುಮಾರು ಆರುನೂರು ವರ್ಷಗಳ ಹಿಂದೆ ಗಾಯಗೊಂಡಂತೆ ಕಾಣುತ್ತದೆ, ವಿವರಣೆ ನೀಡತಕ್ಕದ್ದು ಅಂತ ಅರ್ಜಿ ವಾಪಸು ಬಂತು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟ ದಿನದ ವಜೀಫಾ ಕೊಡ್ತಾರೇನು ಕೇಳ್ರಿ!"

ತಾರೀಖು ತಿದ್ದಿ ಕಳಿಸಿದ ಮೇಲೆ ಡಾಕ್ಟರ ಮುಂದೆ ಹಾಜರಾಗಬೇಕೆಂದು ಪತ್ರ ಬಂತು. ಬೀದರಿನ ದವಾಖಾನೆ. ಬೆಳಗಿನ ರೈಲಿಗೆ ಹೊರಟೆವು, ಕಾಕಾ, ನಾನು. ವಕೀಲರು ಅಲ್ಲೇ ಬಾಗಿಲಲ್ಲಿ ಕಾಯುತ್ತಿದ್ದರು. ಕಾಕಾ ಒಗೆದ ಧೋತರ, ಹೊಸ ಪಟಕಾ ಸುತ್ತಿ ಮದುಮಗನ ಹಾಗೆ ಬಂದಿದ್ದರು. ಡಾಕ್ಟರು ಮೈಸೂರಿನವರು, ಸಣ್ಣ ವಯಸ್ಸು. ಹೆಸರು ಕೂಗಿದ ಕೂಡಲೇ ನಾವು ಒಳಗೆ ನುಗ್ಗಿದೆವು. ತಿರುಗಿ ನೋಡುತ್ತೇನೆ, ಕಾಕಾ ಒಂದೇ ಕಾಲಿನ ಮೇಲೆ ಕುಪ್ಪಳಿಸುತ್ತಾ ಬಂದು, ಡಾಕ್ಟರ ಮೇಜಿನ ಮುಂದೆ ಕೈಮುಗಿದು ಕಂಬದ ಹಾಗೆ ನಿಂತಿದ್ದಾರೆ. ಬಗಲಲ್ಲಿ ಕೋಲಿಲ್ಲ.

"ಕೂತ್ಕೊಳ್ಳಿ" ಅಂದರು ಡಾಕ್ಟರು.

"ಸರಕಾರದ ಮುಂದ ಕೂಡಬಾರದ್ರಿ."

"ಆಸರೆ ಇಲ್ಲದೆ ನಿಲ್ಲೋಕೆ ಆಗುತ್ತಾ?"

"ನಿಂತೇನಲ್ರಿ."

"ಕೆಲಸ ಮಾಡೋಕೆ ಆಗುತ್ತಾ?"

"ದಿನಾ ಮಾಡ್ತೇನ್ರಿ."

ಡಾಕ್ಟರು ಬರೆಯತೊಡಗಿದರು. ವಕೀಲರು ಹಣೆ ಹಣೆ ಬಡಿದುಕೊಂಡು ಹೊರಗೆ ಓಡಿದರು. ಬಂದಾಗ ಅವರ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಕಾಕಾನ ಒಂಟಿ ಚಪ್ಪಲಿ. ಎರಡೂ ಹೊಸ್ತಿಲ ಹೊರಗೆ ಒಂದರ ಪಕ್ಕ ಒಂದು ಇದ್ದವಂತೆ. "ಸಾಹೇಬರೇ, ನಮ್ಮ ಕಡೆ ಹಾಕಿಮರ, ಸರಕಾರಿ ಸಾಹೇಬರ ಮುಂದ ಚಪ್ಪಲಿ, ಬಡಿಗಿ ಒಯ್ಯೋದಿಲ್ಲ. ಬಡಿಗಿ ಹಿಡದು ನಿಂತ್ರ ಹೊಡಿಲಿಕ್ಕ ಬಂದಂಗ. ಇಂವ ಅದಬ್ ಮಾಡ್ಯಾನ, ಮರ್ಯಾದಿ ಕೊಟ್ಟಾನ, ಅದನ್ನ ನೀವು ತಾಕತ್ತು ಅಂತ ಬರೀತೀರಿ!"

ಡಾಕ್ಟರಿಗೆ ನಗು ಬಂತು, ಪೆನ್ನು ಕೆಳಗಿಟ್ಟರು. ಆದರೆ ಅವರೂ ಕಟ್ಟುನಿಟ್ಟಿನವರು. "ಆಯ್ತು. ಕೆಲಸ ಮಾಡೋಕೆ ಆಗೋಲ್ಲ ಅಂತ ಅವರ ಬಾಯಲ್ಲೇ ಹೇಳಲಿ, ಬರೀತೀನಿ."

ನಾವೆಲ್ಲ ಕಾಕಾನ ಮುಖ ನೋಡಿದೆವು. ಒಂದು ಮಾತು, ಒಂದೇ ಮಾತು. "ಅಂದುಬಿಡ್ರಿ ಕಾಕಾ" ಅಂತ ನಾನು ಪಿಸುಗುಟ್ಟಿದೆ. ಮನೆಯಲ್ಲಿ ಎಣ್ಣೆ ಹಚ್ಚುವ ತುಳಜಮ್ಮ ಕಾಕುವಿನ ಕೈ ನನ್ನ ಕಣ್ಣ ಮುಂದೆ ಬಂತು.

"ಅನ್ನಾಕ ಬರಂಗಿಲ್ರಿ, ಸುಳ್ಳ ಆಗ್ತದ" ಅಂದರು ಕಾಕಾ.

ಡಾಕ್ಟರು "ಸರ್ಕಾರದಲ್ಲಿ ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿದರು. ಜರೀಬ್ ಎಳೀತಿದ್ದೆ ಅಂದರು ಕಾಕಾ. ಹಾಗಂದರೆ ಏನು ಅಂದರು ಡಾಕ್ಟರು. ಅಷ್ಟು ಸಾಕಾಯಿತು, ಕಾಕಾನ ಮುಖ ಅರಳಿತು. ಗೊತ್ತಿಲ್ಲದವರಿಗೆ ತೋರಿಸುವುದೆಂದರೆ ಅವರಿಗೆ ಹಬ್ಬ. ಸುತ್ತ ನೋಡಿದರು, ಸರಪಳಿ ಇಲ್ಲ, ಹಗ್ಗ ಇಲ್ಲ. ಕೈ ತಲೆಗೆ ಹೋಯಿತು. ನಮ್ಮ ಕಡೆಯ ಗಂಡಸರು ಮಂದಿಯ ಮುಂದೆ ಪಟಕಾ ತೆಗೆಯುವುದಿಲ್ಲ, ಅದು ಮಾನದ ಮಾತು. ಕಾಕಾ ಬರಿದಲೆಯಲ್ಲಿ ಇದ್ದದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಅವರು ಸರಸರನೆ ಪಟಕಾ ಬಿಚ್ಚಿ, ಒಂದು ಸೆರಗನ್ನು ಡಾಕ್ಟರ ಕೈಗೆ ಕೊಟ್ಟರು.

"ಹಿಡೀರಿ ಸಾಹೇಬ್ರ. ಗಟ್ಟಿ ಹಿಡೀರಿ. ನಾ ಹಿಂದ ಹೋಗ್ತೇನಿ, ನಿಮ್ಮ ಕಣ್ಣಾಗ ಕಣ್ಣಿಟ್ಟು. ಬಿಗಿ ಇರಬೇಕ, ಬಿಗಿ ತಪ್ಪಿದ್ರ ಬಡವನ ಹೊಲ ಹೋತು!"

ಡಾಕ್ಟರು ಎದ್ದು ನಿಂತು ಗಟ್ಟಿಯಾಗಿ ಹಿಡಿದರು. ಕಾಕಾ ಕೋಲನ್ನು ಬಗಲಿಗಿಟ್ಟು, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಕೈಯ ಹಿಡಿತವಿಲ್ಲದ ಕೋಲು ಫರಸಿ ಕಲ್ಲಿನ ನೆಲದ ಮೇಲೆ ಜಾರಿತು. ಕೋಲು ಹಿಡಿದರೆ ಬಟ್ಟೆ ಸಡಿಲ, ಬಟ್ಟೆ ಎಳೆದರೆ ಕೋಲು ಜಾರುವುದು. ಎರಡನೆಯ ಸಲ ಎಳೆದು ನೋಡಿದರು. ಮೂರನೆಯ ಸಲ ಬಿದ್ದೇಬಿಡುತ್ತಿದ್ದರು, ವಕೀಲರು ಹಿಂದಿನಿಂದ ತಬ್ಬಿ ಹಿಡಿದರು. ಕಾಕಾ ನೆಲಕ್ಕೆ ಜೋತುಬಿದ್ದ ಪಟಕಾದ ಕಡೆ ನೋಡುತ್ತಾ ನಿಂತರು. ಕಾಲು ಹೋದ ಮೇಲೆ ಆ ಕೆಲಸವನ್ನು ಅವರು ಒಮ್ಮೆಯೂ ಮಾಡಿ ನೋಡಿರಲಿಲ್ಲ ಅಂತ ಆಗ ನನಗೆ ಹೊಳೆಯಿತು.

"ಇದು ಆಗಂಗಿಲ್ರಿ ಸಾಹೇಬ್ರ" ಅಂದರು. "ಜರೀಬ್ ಎಳೀಲಿಕ್ಕ ಬರಂಗಿಲ್ಲ, ಬರಕೋರಿ. ಅಳೀಲಿಕ್ಕ ಬರ್ತದ. ಅದೂ ಬರಕೋರಿ."

ಡಾಕ್ಟರು ಎರಡನ್ನೂ ಬರೆದರು. ಅವರೇ ಪಟಕಾವನ್ನು ನೆಲದಿಂದ ಎತ್ತಿ ಕೊಡವಿ ಕಾಕಾನ ಕೈಗೆ ಕೊಟ್ಟರು. ಹೊರಗೆ ಬಂದಮೇಲೆ ನಾನು ಅತ್ತೆ. ಕಾಕಾ ಮಾತ್ರ ಪಟಕಾ ಸುತ್ತಿಕೊಳ್ಳುತ್ತಾ, ಆ ಡಾಕ್ಟರನ ಹಿಡಿತ ಭಾಳ ಚಲೋ ಅದ, ಮೋಜಣಿ ಖಾತೆಗೆ ಹೋಗಬೇಕಿತ್ತು ಅಂತ ಹೊಗಳುತ್ತಿದ್ದರು.

ಆದರೆ ಕೆಲಸ ಮುಗಿದಿರಲಿಲ್ಲ. ಕಚೇರಿಯಿಂದ ಆಕ್ಷೇಪಣೆ ಬಂತು: ಅಳೆಯಲು ಬರುತ್ತದೆ ಎಂಬ ಸಾಲನ್ನು ತೆಗೆಸಿ ಕಳಿಸಿದರೆ ಪಿಂಚಣಿ ಮಂಜೂರು ಮಾಡಲಾಗುವುದು. ಒಂದು ಸಾಲು! ವಕೀಲರೇ "ತೆಗೆಸೋಣ" ಅಂದರು. ನಾನೂ ತೆಗೆಸೋಣ ಅಂದೆ. ಕಾಕಾ ತಲೆ ಅಲ್ಲಾಡಿಸಿದರು. "ಆ ಸಾಲ ಹೋದ್ರ ನನ್ನ ಕಲ್ಲೆಲ್ಲಾ ಹೋದವ್ರಿ." ನಾವೆಲ್ಲ ತುಳಜಮ್ಮ ಕಾಕುವಿನ ಕಡೆ ನೋಡಿದೆವು, ಅವರಾದರೂ ಗದರಿಸುತ್ತಾರೆ ಅಂತ. ಕಾಕು ಎಣ್ಣೆಯ ಬಟ್ಟಲು ಕೆಳಗಿಟ್ಟು, "ಅದ ತೆಗೀಬ್ಯಾಡ್ರಿ. ಅದನ್ನ ತೆಗದ್ರ ಮನ್ಯಾಗ ಉಳಿಯಾವ ಇಂವ ಅಲ್ಲ, ಬ್ಯಾರೇ ಯಾರೋ" ಅಂದುಬಿಟ್ಟರು. ವಕೀಲರು ಎರಡು ಸಲ ಭಾಲ್ಕಿಯ ಕೋರ್ಟಿಗೆ ಬಂದರೂ ಸಿಟ್ಟಿನಿಂದ ನಮ್ಮ ಓಣಿಗೆ ಬರಲಿಲ್ಲ. ಮೂರನೆಯ ಸಲ ಬಂದು, "ಬರೀರಿ ಟೀಚರಬಾಯಿ" ಅಂದರು. ಇಂವ ನೌಕರಿ ಮಾಡಿದ್ದು ಜರೀಬ್ ಎಳೆಯಲು, ಅದೊಂದು ಬರದಿದ್ದರೆ ಸಾಕು, ಉಳಿದದ್ದು ಬಂದರೆ ಸರಕಾರಕ್ಕೆ ನಷ್ಟವಿಲ್ಲ ಅಂತ ಅವರ ವಾದ. ಪತ್ರದ ಮೇಲೆ ಪತ್ರ ಹೋಯಿತು, ಎರಡು ಮಳೆಗಾಲ ಕಳೆಯಿತು. ಕೊನೆಗೆ ಮಂಜೂರಾತಿಯ ಹುಕುಂ ಬಂದಾಗ ಓಣಿಯಲ್ಲಿ ಕಾಕು ಎಲ್ಲರಿಗೂ ಹುಗ್ಗಿ ಹಂಚಿದರು. ವಕೀಲರು ಆ ಹುಕುಂ ಅನ್ನು ತಾವೇ ಕನ್ನಡದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದರು, ಆದರೆ ಎಲ್ಲಿಯೂ ತಡವರಿಸಲಿಲ್ಲ.

ಇನ್ನು ಕಲ್ಲುಗಳ ಮಾತು. ಕಾಕಾ ಏನು ಮಾಡಿದರು ಗೊತ್ತೇ? ಆ ಸರ್ಟಿಫಿಕೇಟಿನ ನಕಲನ್ನು ಮೇಣಬಟ್ಟೆಯಲ್ಲಿ ಸುತ್ತಿ ಅಳತೆಗೆ ಹೋಗುವಾಗ ಒಯ್ಯತೊಡಗಿದರು. ಕೆಲಸ ಸುರು ಮಾಡುವ ಮೊದಲು ಅದನ್ನು ಬಿಚ್ಚಿ, ಊರ ಮಾಸ್ತರರ ಕೈಯಲ್ಲಿ ಎರಡೂ ಸಾಲು ಓದಿಸುತ್ತಿದ್ದರು. "ಕೇಳಿದಿರಲ್ಲಾ? ಸರಕಾರದ ಸಿಕ್ಕಾ ಅದ. ಎಳೀಲಿಕ್ಕ ಬರಂಗಿಲ್ಲ, ಅಳೀಲಿಕ್ಕ ಬರ್ತದ. ಹಗ್ಗ ಹಿಡೀರಿ." ಕಾಲಿಲ್ಲದವನೆಂಬ ಕಾಗದವನ್ನೇ ಅಳತೆಗಾರನ ಲೈಸೆನ್ಸು ಮಾಡಿಕೊಂಡ ಗಂಡಸು ಅವರೊಬ್ಬರೇ ಇರಬೇಕು.

ವರ್ಷಕ್ಕೊಮ್ಮೆ ಬೀದರಿನ ಖಜಾನೆಗೆ ಹೋಗಿ, ಇನ್ನೂ ಇದ್ದೇನೆ, ಇನ್ನೂ ಹಾಗೆಯೇ ಇದ್ದೇನೆ ಅಂತ ಹೇಳಿ ಬರಬೇಕಿತ್ತು. ಗುಮಾಸ್ತ ತಲೆ ಎತ್ತದೆ ಕೇಳುತ್ತಿದ್ದ, "ಈಗಲೂ ಜರೀಬ್ ಎಳೆಯಲು ಬರುವುದಿಲ್ಲವೋ?" ಕಾಕಾ ಎದೆ ಸೆಟೆಸಿ ಹೇಳುತ್ತಿದ್ದರು, "ಬರಂಗಿಲ್ರಿ. ಅಳೀಲಿಕ್ಕ ಬರ್ತದ." ಎರಡನೆಯದನ್ನು ಯಾರೂ ಕೇಳಿರಲಿಲ್ಲ, ಬರೆದುಕೊಳ್ಳುವ ಜಾಗವೂ ಆ ವಹಿಯಲ್ಲಿರಲಿಲ್ಲ. ಆದರೂ ಹೇಳದೆ ಹಿಂದಿರುಗಿದವರಲ್ಲ.

ಆಮೇಲೆ ನನಗೆ ಔರಾದಕ್ಕೆ ಬದಲಿಯಾಯಿತು. ಕಾಕಾ ಹೋದ ಸುದ್ದಿ ತಡವಾಗಿ ತಲುಪಿತು, ಮಣ್ಣಿಗೆ ಹೋಗಲಾಗಲಿಲ್ಲ. ಆ ವರ್ಷ ಕಾಕಾ ಹೋದದ್ದನ್ನು ಬರೆಸಲು ಖಜಾನೆಗೆ ತುಳಜಮ್ಮ ಕಾಕುವಿನ ಜೊತೆಗೆ ನಾನು ಹೋದೆ. ಗುಮಾಸ್ತ ಹೊಸಬ. ವಹಿ ತೆರೆದು, ಹೆಸರಿನ ಮೇಲೆ ಬೆರಳಿಟ್ಟು, ಪದ್ಧತಿಯಂತೆ ತಲೆ ಎತ್ತದೆ ಅದೇ ಪ್ರಶ್ನೆಯನ್ನು ಓದಿದ. ನಾನು ಬಾಯಿ ತೆರೆಯುವ ಮೊದಲೇ ಕಾಕು ಸೆರಗು ಸರಿಮಾಡಿಕೊಂಡು ಗುಮಾಸ್ತನ ಮೇಜಿನ ಹತ್ತಿರ ಸರಿದರು.

"ಈ ವರ್ಷ ಎರಡೂ ಬರಂಗಿಲ್ರಿ" ಅಂದರು. "ಬರಕೋರಿ."